ಲೇಬಲ್ ಮೊದಲು ಓದಬೇಕೋ, ಕೃತಿ ಮೊದಲು ನೋಡಬೇಕೋ?

ನೀಲಿಶಾಯಿ

ಗೆಳೆಯರೇ, ಸಮಕಾಲೀನ ಕಲೆಯ ಪ್ರದರ್ಶನಕ್ಕೆ ಹೋದಾಗ ನೀವು ಮೊದಲು ಕೃತಿ ನೋಡ್ತೀರೋ, ಪಕ್ಕದ ಗೋಡೆಯ ಮೇಲಿರುವ ಲೇಬಲ್ ಓದ್ತೀರೋ? ಯಾವ ಗ್ಯಾಲರಿಯಲ್ಲಾದರೂ ಸ್ವಲ್ಪ ಹೊತ್ತು ಮೂಲೆಯಲ್ಲಿ ನಿಂತು ಜನರನ್ನು ಗಮನಿಸಿ. ಹೆಚ್ಚಿನವರ ಕಣ್ಣು ಮೊದಲು ಹೋಗೋದು ಆ ಪುಟ್ಟ ಬಿಳಿ ಪಟ್ಟಿಯ ಕಡೆಗೆ. ಹೆಸರು, ಇಸವಿ, ನಾಲ್ಕು ಸಾಲು ವಿವರಣೆ. ಆಮೇಲೆ ಕತ್ತೆತ್ತಿ ಕೃತಿಯ ಮೇಲೊಂದು ನೋಟ, ಒಂದು ಫೋಟೋ, ಮುಂದಿನದಕ್ಕೆ ನಡೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ತಾರೆ ಅಂತ ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅಳೆದದ್ದು ಹೆಸರಾಂತ ಕೃತಿಗಳ ಮುಂದೆಯೇ. 2017ರಲ್ಲಿ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮತ್ತೆ ಅಳೆದಾಗಲೂ ಉತ್ತರ ಹೆಚ್ಚುಕಡಿಮೆ ಅಷ್ಟೇ, 28 ಸೆಕೆಂಡಿನ ಚಿಲ್ಲರೆ.

ನನ್ನ ಪ್ರಶ್ನೆ ಹುಟ್ಟಿದ್ದು ಅದೇ ಆರ್ಟ್ ಇನ್‌ಸ್ಟಿಟ್ಯೂಟ್‌ನ ಒಂದು ಕೃತಿಯಿಂದ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ್ದು. ಕೋಣೆಯ ಮೂಲೆಯಲ್ಲಿ ಹೊಳೆಯುವ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ. ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ಬಂದವರು ಒಂದು ಮಿಠಾಯಿ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ರಾಶಿ ಕರಗುತ್ತಾ ಬರುತ್ತೆ, ಮ್ಯೂಸಿಯಂನವರು ಮತ್ತೆ ತುಂಬುತ್ತಾರೆ. ಶೀರ್ಷಿಕೆಯಲ್ಲಿ ಇದು ರಾಸ್‌ನ ಭಾವಚಿತ್ರ ಅಂತಿದೆ. ರಾಸ್ ಲೇಕಾಕ್ ಕಲಾವಿದನ ಸಂಗಾತಿ, ಆ ವರ್ಷವೇ ಏಡ್ಸ್‌ನಿಂದ ತೀರಿಕೊಂಡವನು. ಕಲಾವಿದನೂ 1996ರಲ್ಲಿ ಅದೇ ಕಾಯಿಲೆಗೆ ಬಲಿಯಾದ. ಆ ತೂಕವನ್ನು ಆರೋಗ್ಯವಾಗಿದ್ದಾಗಿನ ರಾಸ್‌ನ ಮೈತೂಕ ಅಂತಲೇ ಬಹಳ ಜನ ಓದಿಕೊಂಡಿದ್ದಾರೆ. ಈಗ ಮತ್ತೆ ರಾಶಿಯನ್ನು ನೆನಪಿಸಿಕೊಳ್ಳಿ. ನೀವು ತೆಗೆದುಕೊಂಡದ್ದು ಯಾವುದರ ಚೂರು?

2022ರಲ್ಲಿ ಆ ಕೃತಿಯ ಪಕ್ಕದಲ್ಲಿದ್ದ ವಿವರಣೆಯಲ್ಲಿ ರಾಸ್ ಯಾರೆಂಬುದೂ ಇರಲಿಲ್ಲ, ಏಡ್ಸ್ ಎಂಬ ಮಾತೂ ಇರಲಿಲ್ಲ. ಅದನ್ನು ಗಮನಿಸಿದವರು ಎತ್ತಿ ಆಡಿದರು, ಗಲಾಟೆಯಾಯಿತು, ಮ್ಯೂಸಿಯಂ ಬರಹ ಬದಲಿಸಿತು. ಇಷ್ಟೆಲ್ಲ ಆಗುವಾಗ ಮಿಠಾಯಿ ಹಾಗೇ ಇತ್ತು. ಬದಲಾಗಿದ್ದು ಗೋಡೆಯ ಮೇಲಿನ ನಾಲ್ಕು ಸಾಲು ಮಾತ್ರ.

ಹಾಗಾದರೆ ಕೃತಿ ಎಲ್ಲಿದೆ? ರಾಶಿಯಲ್ಲೋ, ಸಾಲುಗಳಲ್ಲೋ?


ಇರುವೆಸಾಲು

ಮೊದಲು ನೋಡಬೇಕು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಲೇಬಲ್ ಮೊದಲು ಓದಿದರೆ ಕಣ್ಣು ಆಮೇಲೆ ಬರೀ ತಾಳೆ ನೋಡುವ ಕೆಲಸ ಮಾಡುತ್ತೆ. "ವಲಸೆಯ ನೋವು" ಅಂತ ಬರೆದಿದ್ದಾರಾ, ಹಾಂ, ಅಲ್ಲೊಂದು ಸೂಟ್‌ಕೇಸ್ ಇದೆ, ಸರಿ, ಮುಂದೆ. ಆ ಸೂಟ್‌ಕೇಸಿನ ಹಿಡಿ ಸವೆದಿದೆಯಾ, ಒಳಗೆ ಏನಿದೆ, ಬೀಗ ಯಾಕೆ ಹೊಸದು, ಇದ್ಯಾವುದೂ ಕಾಣಲ್ಲ.

ಅಬಿಗೈಲ್ ಹೌಸೆನ್ ಅನ್ನುವ ಮನೋವಿಜ್ಞಾನಿ ಮತ್ತು ನ್ಯೂಯಾರ್ಕಿನ ಮೋಮಾದಲ್ಲಿ (ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್) ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಫಿಲಿಪ್ ಯೆನವೈನ್ ಸೇರಿ ರೂಪಿಸಿದ ವಿಧಾನ ಒಂದಿದೆ. ಈಗ ಬಹಳ ದೇಶಗಳ ಮ್ಯೂಸಿಯಂಗಳಲ್ಲಿ, ಶಾಲೆಗಳಲ್ಲಿ ಬಳಸ್ತಾರೆ. ಮಕ್ಕಳನ್ನು ಒಂದು ಚಿತ್ರದ ಮುಂದೆ ಕೂರಿಸಿ ಮೊದಲು ಸುಮ್ಮನೆ ನೋಡೋಕೆ ಬಿಡ್ತಾರೆ. ಆಮೇಲೆ ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳಿದೆ? ಇನ್ನೇನು ಕಾಣ್ತಿದೆ? ನಡೆಸಿಕೊಡುವವರು ಕಲಾವಿದರ ಹೆಸರನ್ನೂ ಹೇಳಲ್ಲ, ಇದು ಸರಿ, ಅದು ತಪ್ಪು ಅಂತಲೂ ಹೇಳಲ್ಲ. ಮಗು ಹೇಳಿದ ಜಾಗವನ್ನು ಬೆರಳಿನಿಂದ ತೋರಿಸ್ತಾರೆ, ಮಗುವಿನ ಮಾತನ್ನೇ ಇನ್ನೊಂದು ರೀತಿಯಲ್ಲಿ ಹೇಳಿ ತಿರುಗಿ ಕೊಡ್ತಾರೆ. ಅಷ್ಟೇ. ಎರಡನೇ ಪ್ರಶ್ನೆ ಇದೆಯಲ್ಲ, ಏನು ನೋಡಿ ಹಾಗೆ ಹೇಳಿದೆ ಅನ್ನೋದು, ಇಡೀ ವಿಧಾನದ ಜೀವ ಅದರಲ್ಲಿದೆ. ಅಭಿಪ್ರಾಯ ಯಾರು ಬೇಕಾದರೂ ಹೇಳಬಹುದು, ಅದಕ್ಕೆ ಆಧಾರವನ್ನು ಚಿತ್ರದೊಳಗಿಂದಲೇ ತೋರಿಸಬೇಕು.

ಒಂದು ಗುಂಪು ಇಪ್ಪತ್ತು ನಿಮಿಷ ಒಂದೇ ಚಿತ್ರದ ಮುಂದೆ ಕೂತಿದ್ದನ್ನು ಕಣ್ಣಾರೆ ನೋಡಿದ್ದೀನಿ. ಲೇಬಲ್ಲಿನ ಸುದ್ದಿಯೇ ಬರಲಿಲ್ಲ.


ಬೆಳಗಿನಜಾವ

ಇರುವೆಸಾಲು ಅವರೇ, ನೀವು ಹೇಳಿದ್ದು ಚಿತ್ರಗಳಿಗೆ ಸರಿ. ಮಿಠಾಯಿ ರಾಶಿಯ ಮುಂದೆ ಆ ಮೂರು ಪ್ರಶ್ನೆ ಕೇಳಿದರೆ ರಾಸ್ ಸಿಗ್ತಾನಾ? ನೂರು ಸಲ "ಇನ್ನೇನು ಕಾಣ್ತಿದೆ" ಅಂತ ಕೇಳಿದರೂ ಸಿಗಲ್ಲ.


ಇರುವೆಸಾಲು

ರಾಸ್ ಸಿಗಲ್ಲ, ನಿಜ. ಆದರೆ ಕರಗುತ್ತಿದೆ ಅನ್ನೋದು ಸಿಗುತ್ತೆ. ಯಾರೋ ತುಂಬುತ್ತಿದ್ದಾರೆ ಅನ್ನೋದೂ ಸಿಗುತ್ತೆ. ನಾನೂ ಕರಗಿಸುವವರಲ್ಲಿ ಒಬ್ಬ ಅನ್ನೋದು ಬಾಯಿಗೆ ಹಾಕಿಕೊಂಡ ಮೇಲೆ ತಾನಾಗಿ ಸಿಗುತ್ತೆ. ಅಷ್ಟು ಸಿಕ್ಕವರಿಗೆ ಆಮೇಲೆ ರಾಸ್ ಯಾರು ಅಂತ ಹೇಳಿ ನೋಡಿ, ಎದೆಗೆ ನಾಟುತ್ತೆ. ಮೊದಲೇ ಹೇಳಿಬಿಟ್ಟರೆ ಅದೊಂದು ಮಾಹಿತಿ.


ತಿಳಿನೀರು

ಇಬ್ಬರೂ ಲೇಬಲ್ ಅಂದರೆ ವಿವರಣೆ ಅಂತಲೇ ಹಿಡಿದುಕೊಂಡು ಮಾತಾಡ್ತಿದ್ದೀರಿ. ಲೇಬಲ್ಲನ್ನೇ ಕೃತಿಯ ಸಾಮಗ್ರಿ ಮಾಡಿಕೊಂಡ ಕಲಾವಿದರ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದರೆ ನನ್ನ ಪಾಲಿಗೆ ಈ ಚರ್ಚೆಯ ಹೃದಯ ಇದೇ.

1992ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಫ್ರೆಡ್ ವಿಲ್ಸನ್ ಅನ್ನುವ ಕಲಾವಿದರಿಗೆ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹವನ್ನು ಬಿಟ್ಟುಕೊಟ್ಟರು. ಹೊಸದಾಗಿ ಏನನ್ನೂ ಕೆತ್ತಬೇಕಿಲ್ಲ, ಬಿಡಿಸಬೇಕಿಲ್ಲ, ಉಗ್ರಾಣದಲ್ಲಿ ಇರುವುದನ್ನೇ ಮತ್ತೆ ಜೋಡಿಸಬೇಕು. ವಿಲ್ಸನ್ ಒಂದು ಗಾಜಿನ ಪೆಟ್ಟಿಗೆಯಲ್ಲಿ ಶ್ರೀಮಂತರ ಮನೆಯ ಬೆಳ್ಳಿ ಪಾತ್ರೆಗಳನ್ನಿಟ್ಟರು. ತುಂಬಾ ನಾಜೂಕಿನ ಕುಸುರಿ, ಹೂಬಳ್ಳಿ, ಬಾಗಿದ ಮೂತಿಯ ಹೂಜಿ, ಬಟ್ಟಲು. ಅವುಗಳ ನಡುವೆ, ಅದೇ ಪೆಟ್ಟಿಗೆಯಲ್ಲಿ, ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಕೋಳ. ಪಕ್ಕದಲ್ಲಿ ಲೇಬಲ್: ಲೋಹದ ಕೆಲಸ, 1793–1880.

ಇಷ್ಟೇ. ಒಂದು ವಿಶೇಷಣ ಇಲ್ಲ, "ಕ್ರೂರ" ಅಂತಿಲ್ಲ, ಗುಲಾಮಗಿರಿ ಅನ್ನುವ ಪದವೂ ಇಲ್ಲ. ಯಾವ ಮ್ಯೂಸಿಯಂನಲ್ಲಾದರೂ ಕಾಣಬಹುದಾದ ಒಣ ಲೇಬಲ್. ಎರಡೂ ಲೋಹದ ಕೆಲಸವೇ, ಎರಡೂ ಒಂದೇ ಕಾಲದವೇ, ಆ ಮನೆಗಳಿಗೆ ಎರಡೂ ಬೇಕಾಗಿದ್ದವು. ಇಷ್ಟು ವರ್ಷ ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟವರು ಯಾರು, ಒಂದನ್ನು ತೋರಿಸಿ ಇನ್ನೊಂದನ್ನು ಉಗ್ರಾಣದಲ್ಲಿ ಬಿಟ್ಟವರು ಯಾರು ಅನ್ನುವ ಪ್ರಶ್ನೆ ಲೇಬಲ್ ಓದಿದ ಕ್ಷಣದಲ್ಲಿ ಏಳುತ್ತೆ. ಇನ್ನೊಂದು ಕಡೆ ಚೆಂದದ ಮರದ ಕುರ್ಚಿಗಳು, ಎಲ್ಲವೂ ಒಂದು ಕಂಬದ ಕಡೆಗೆ ಮುಖ ಮಾಡಿ, ನಾಟಕ ನೋಡಲು ಕೂತವರ ಸಾಲಿನ ಹಾಗೆ. ಆ ಕಂಬ ಚಾಟಿಯೇಟು ಕೊಡಲು ಕಟ್ಟಿಹಾಕುತ್ತಿದ್ದ ಕಂಬ. ಅದಕ್ಕೂ ಅಷ್ಟೇ ತಣ್ಣಗಿನ ಲೇಬಲ್, ಮರಗೆಲಸ ಅಂತ.

ಇಲ್ಲಿ ಲೇಬಲ್ ಮೊದಲೋ ಕೃತಿ ಮೊದಲೋ ಅಂತ ಕೇಳೋಕೇ ಬರಲ್ಲ. ಪೆಟ್ಟಿಗೆಯಲ್ಲಿರೋದು ಕಣ್ಣಿಗೆ ಹೊಡೆಯುತ್ತೆ, ಲೇಬಲ್ ತಲೆಗೆ ಹೊಡೆಯುತ್ತೆ. ಎರಡರಲ್ಲಿ ಒಂದು ತೆಗೆದರೂ ಕೃತಿ ಇಲ್ಲ.


ಬೆಳಗಿನಜಾವ

ಅದೇ ವಿಲ್ಸನ್ ಅವರ ಇನ್ನೊಂದು ಕೃತಿ ಇದೆ, 1991ರದ್ದು, ವಿಟ್ನಿ ಮ್ಯೂಸಿಯಂ ಸಂಗ್ರಹದಲ್ಲಿದೆ. ತಲೆಯಿಲ್ಲದ ನಾಲ್ಕು ಕಪ್ಪು ಬೊಂಬೆಗಳು. ಮೈಮೇಲೆ ನ್ಯೂಯಾರ್ಕಿನ ನಾಲ್ಕು ಮ್ಯೂಸಿಯಂಗಳ ಕಾವಲುಗಾರರ ಸಮವಸ್ತ್ರ. ದಿನವಿಡೀ ಕೃತಿಗಳ ಪಕ್ಕ ನಿಂತಿದ್ದರೂ ಯಾರ ಕಣ್ಣಿಗೂ ಬೀಳದವರು. ನಿಮ್ಮ ಪೋಸ್ಟ್ ಓದ್ತಾ ಅದು ನೆನಪಾಯಿತು.


ಮರದಬಾಗಿಲು

ಕಾವಲುಗಾರರ ಮಾತು ಬಂದಿದ್ದಕ್ಕೆ ಸೇರಿಸ್ತೀನಿ. ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್ 2022ರಲ್ಲಿ ಒಂದು ಪ್ರದರ್ಶನ ಮಾಡಿತು. ಕೃತಿಗಳನ್ನು ಆರಿಸಿದ್ದು ಅಲ್ಲಿನ ಭದ್ರತಾ ಸಿಬ್ಬಂದಿಯಲ್ಲಿ 17 ಮಂದಿ. ಯಾವ ಕೃತಿ, ಯಾಕೆ, ಎಲ್ಲಿ ತೂಗುಹಾಕಬೇಕು ಅನ್ನೋದರಲ್ಲಿ ಅವರದೇ ಮಾತು, ಪ್ರದರ್ಶನ ರೂಪಿಸುವ ಕ್ಯುರೇಟರ್‌ಗಳು ಜೊತೆಗೆ ನಿಂತು ಸಹಾಯ ಮಾಡಿದರು. ಯೋಚಿಸಿ ನೋಡಿ, ನಾವು 27 ಸೆಕೆಂಡು ನೋಡುವ ಕೃತಿಯನ್ನು ಅವರು ಪಾಳಿಗಟ್ಟಲೆ ನೋಡಿರ್ತಾರೆ. ಸಂಜೆ ಬೆಳಕಲ್ಲಿ ಅದು ಹೇಗೆ ಕಾಣುತ್ತೆ, ಜನ ಯಾವ ಮೂಲೆಗೆ ಬೆರಳು ತೋರಿಸ್ತಾರೆ, ಮಕ್ಕಳು ಎಲ್ಲಿ ನಗ್ತಾರೆ, ಇದೆಲ್ಲ ಅವರಷ್ಟು ಬಲ್ಲವರು ಯಾರೂ ಇಲ್ಲ. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಮ್ಯೂಸಿಯಂ ಒಂದು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದು. ಬೇರೆ ಕಡೆಯವರೂ ಮಾಡಬೇಕು.


ಎಲೆಮರೆ

ನಾನು ಹೊಸಬಳು, ಪ್ರಶ್ನೆ ಬಾಲಿಶ ಅನ್ನಿಸಿದರೆ ಕ್ಷಮಿಸಿ. ಗೋಡೆಗೆ ಟೇಪ್ ಹಚ್ಚಿದ ಬಾಳೆಹಣ್ಣಿನ ಸುದ್ದಿ ಎಲ್ಲರೂ ಓದಿದ್ದೀವಿ. ಮಿಠಾಯಿ ರಾಶಿಗೂ ಅದಕ್ಕೂ ಏನು ವ್ಯತ್ಯಾಸ? ಎರಡೂ ತಿನ್ನೋದೇ, ಎರಡನ್ನೂ ಮತ್ತೆ ಇಡಬಹುದು.


ತಿಳಿನೀರು

ಬಾಲಿಶ ಅಲ್ಲವೇ ಅಲ್ಲ, ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ.

ಮೌರಿಜಿಯೊ ಕಟ್ಟೆಲಾನ್ ಅವರ ಬಾಳೆಹಣ್ಣು 2019ರಲ್ಲಿ ಆರ್ಟ್ ಬಾಸೆಲ್ ಮಯಾಮಿ ಬೀಚ್ ಕಲಾಮೇಳದಲ್ಲಿ 1,20,000 ಡಾಲರ್‌ಗೆ ಹೋಯಿತು. 2024ರ ನವೆಂಬರ್‌ನಲ್ಲಿ ಸಾಥ್‌ಬೀಸ್ ಹರಾಜಿನಲ್ಲಿ ಶುಲ್ಕವೂ ಸೇರಿ 62 ಲಕ್ಷ ಡಾಲರ್. ಕೊಂಡವರಿಗೆ ಸಿಗೋದು ಪ್ರಮಾಣಪತ್ರ ಮತ್ತು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. 2023ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಲೀಯುಮ್ ಮ್ಯೂಸಿಯಂನಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ಕಿತ್ತು ತಿಂದ, ಮ್ಯೂಸಿಯಂನವರು ಇನ್ನೊಂದು ಹಣ್ಣು ಅಂಟಿಸಿದರು. ಸೂಚನೆಯೇ ಕೃತಿ ಅನ್ನುವಷ್ಟರ ಮಟ್ಟಿಗೆ ಎರಡೂ ಒಂದೇ ಕುಲ.

ವ್ಯತ್ಯಾಸ ಎಲ್ಲಿದೆ ಅಂದರೆ, ಮಿಠಾಯಿ ರಾಶಿ ನಿಮ್ಮ ಕೈಗಾಗಿ ಕಾಯುತ್ತೆ. ನೀವು ತೆಗೆದುಕೊಳ್ಳದಿದ್ದರೆ ಅದು ಪೂರ್ತಿಯಾಗಲ್ಲ. ಬಾಳೆಹಣ್ಣಿಗೆ ನೋಡುವವರು ಬೇಕಾಗಿಲ್ಲ, ಕೊಳ್ಳುವವರು ಮತ್ತು ಸುದ್ದಿ ಮಾಡುವವರು ಸಾಕು. ಅದು ಮಾರುಕಟ್ಟೆಯ ಬಗ್ಗೆ ಒಂದು ಮಾತು ಹೇಳಿತು, ಹೇಳಿ ಮುಗಿಸಿತು. ಮಿಠಾಯಿ ಇನ್ನೂ ಹೇಳ್ತಿದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರ್ತಾರೆ.


ಇರುವೆಸಾಲು

ಒಪ್ತೀನಿ.


ಕಡಲಕಾಗೆ

ನಾನು ಒಂದು ಅನುಭವ ಹಂಚಿಕೊಳ್ತೀನಿ, ಲೇಬಲ್ ಬೇಕಾಗದೇ ಇದ್ದ ಕೃತಿಯದ್ದು.

2016ರ ಕೊನೆಯಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನ) ಚಿಲಿ ದೇಶದ ಕವಿ ರೌಲ್ ಸುರಿತಾ ಅವರ ಕೃತಿ ಇತ್ತು. ಆಸ್ಪಿನ್‌ವಾಲ್ ಹೌಸ್‌ನ ಒಂದು ಉದ್ದನೆಯ ಹಳೇ ಗೋದಾಮು. ನೆಲದ ತುಂಬ ಕಡಲ ನೀರು, ಮೊಣಕಾಲಿನ ಮಟ್ಟಕ್ಕೆ. ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಚಿಕೊಂಡು ಇಳಿಯಬೇಕು. ಎರಡೂ ಬದಿ ಗೋಡೆಯ ಮೇಲೆ ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಒಂದೊಂದೇ ಸಾಲು, ಎಲ್ಲವೂ ಪ್ರಶ್ನೆಗಳು. ಕೇಳಿಸ್ತಿಲ್ಲವಾ, ಕಾಣಿಸ್ತಿಲ್ಲವಾ ಅನ್ನುವಂಥವು. ನೀರಿನಲ್ಲಿ ಬೇಗ ನಡೆಯೋಕಾಗಲ್ಲ. ನಡೆದರೆ ಪಕ್ಕದವರ ಮೇಲೆ ಸಿಡಿಯುತ್ತೆ, ಮಡಚಿದ ಬಟ್ಟೆ ಜಾರಿ ಒದ್ದೆಯಾಗುತ್ತೆ. ಹಾಗಾಗಿ ಎಲ್ಲರೂ ನಿಧಾನಕ್ಕೆ, ಒಂದು ಸಾಲು ಓದಿ, ನಿಂತು, ಇನ್ನೊಂದಕ್ಕೆ ಹೋಗ್ತಿದ್ದರು. ಕೊನೆಯ ಗೋಡೆಯ ಹತ್ತಿರ ತಲುಪಿದಾಗ ಅಲ್ಲಿರೋದು ಗಾಲಿಪ್ ಕುರ್ದಿಯ ಬಗ್ಗೆ. 2015ರಲ್ಲಿ ದಡದಲ್ಲಿ ಬಿದ್ದಿದ್ದ ಸಿರಿಯಾದ ಪುಟ್ಟ ನಿರಾಶ್ರಿತ ಆಲನ್ ಕುರ್ದಿಯ ಫೋಟೋ ಇಡೀ ಜಗತ್ತು ನೋಡಿತ್ತಲ್ಲ, ಅವನ ಅಣ್ಣ ಈ ಗಾಲಿಪ್. ಅವನೂ ಅದೇ ದೋಣಿಯಲ್ಲಿದ್ದ, ಅವನೂ ಮುಳುಗಿದ. ಅವನ ಫೋಟೋ ಯಾರೂ ತೆಗೆಯಲಿಲ್ಲ. ಕವಿ ಅಲ್ಲಿ ಅವನನ್ನು ತನ್ನ ಮಗ ಅಂತ ಕರೀತಾರೆ.

ಅಲ್ಲಿಂದ ವಾಪಸ್ ಬರೋಕೂ ಅದೇ ನೀರಿನಲ್ಲೇ ನಡೀಬೇಕು. ಬರುವಾಗ ಆ ಪ್ರಶ್ನೆಗಳನ್ನು ಇನ್ನೊಂದು ಸಲ ಓದಿದೆ. ಈ ಸಲ ಯಾರಿಗೆ ಕೇಳ್ತಿದ್ದಾರೆ ಅಂತ ಗೊತ್ತಿತ್ತು.

ನೀಲಿಶಾಯಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಮೊದಲು ಮೈಗೆ ತಾಗಲಿ, ವಿವರ ಕೊನೆಯಲ್ಲಿ ಬರಲಿ, ಆಮೇಲೆ ಅದೇ ದಾರಿಯಲ್ಲಿ ಇನ್ನೊಂದು ಸಲ ನಡೆಯೋ ಹಾಗಿರಲಿ. ಸುರಿತಾ ಪ್ರದರ್ಶನದ ದಾರಿಯನ್ನೇ ಹಾಗೆ ಕಟ್ಟಿದ್ದರು.


ನೀಲಿಶಾಯಿ

ಕಡಲಕಾಗೆ, ಓದಿ ಸುಮ್ಮನೆ ಕೂತುಬಿಟ್ಟೆ. ತುಂಬಾ ಧನ್ಯವಾದ.

ನಿಮ್ಮ ಮಾತಿಗೆ ಹತ್ತಿರದ್ದು 2024ರ ವೆನಿಸ್ ಬಿನಾಲೆಯ ಆಸ್ಟ್ರೇಲಿಯಾ ಪೆವಿಲಿಯನ್, ಅಂದರೆ ಆ ದೇಶದ ಪ್ರದರ್ಶನ ಮಂಟಪ. ಅಲ್ಲಿನ ಮೂಲನಿವಾಸಿ ಕಲಾವಿದ ಆರ್ಚಿ ಮೂರ್ ಅವರ ಕೃತಿ, ರಾಷ್ಟ್ರೀಯ ಪೆವಿಲಿಯನ್‌ಗಳ ವಿಭಾಗದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಬಂತು, ಆಸ್ಟ್ರೇಲಿಯಾಕ್ಕೆ ಮೊದಲ ಸಲ. ಕಪ್ಪು ಗೋಡೆ, ಕಪ್ಪು ಚಾವಣಿ. ಅದರ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಕೈಯಿಂದ ಬರೆದ ವಂಶವೃಕ್ಷ, 65,000 ವರ್ಷಗಳಷ್ಟು ಹಿಂದಕ್ಕೆ ಚಾಚಿದ್ದು. ಕೆಳಗಿನ ಹೆಸರುಗಳನ್ನು ಓದಬಹುದು, ಮೇಲೆ ಹೋದ ಹಾಗೆ ಚಿಕ್ಕದಾಗಿ ಚಾವಣಿಯಲ್ಲಿ ನಕ್ಷತ್ರಗಳಂತೆ ಸೇರಿಹೋಗುತ್ತೆ. ನಡುನಡುವೆ ಕಪ್ಪಗೆ ಖಾಲಿ ಬಿಟ್ಟ ಜಾಗಗಳಿವೆ, ಹತ್ಯಾಕಾಂಡ ಮತ್ತು ರೋಗಗಳಲ್ಲಿ ಕಡಿದುಹೋದ ಕೊಂಡಿಗಳು. ಕೋಣೆಯ ಮಧ್ಯೆ ನೀರು ತುಂಬಿದ ಕೊಳ, ಅದರ ಮೇಲೆ ಮೇಜಿನಂಥದ್ದರಲ್ಲಿ ಕಾಗದದ ಕಟ್ಟುಗಳು. ಪೊಲೀಸ್ ವಶದಲ್ಲಿ, ಜೈಲಿನಲ್ಲಿ ಸತ್ತ ಮೂಲನಿವಾಸಿಗಳ ಸಾವಿನ ವಿಚಾರಣೆಯ ದಾಖಲೆಗಳು ಅವು. ನೀರು ಅಡ್ಡ ಇರೋದರಿಂದ ಹತ್ತಿರ ಹೋಗಿ ಓದೋಕಾಗಲ್ಲ.

ಓದೋಕೆ ಇಷ್ಟೊಂದು ಇದೆ, ಆದರೆ ಮುಖ್ಯವಾದದ್ದು ಓದೋಕೆ ಸಿಗಲ್ಲ. ಬರಹವನ್ನು ಮೂರ್ ಬಳಸಿರೋದು ಹಾಗೆ.


ಹಗಲುದೀಪ

ಇಷ್ಟು ಹೊತ್ತು ಎಲ್ಲರೂ ಕಣ್ಣಿದ್ದು, ಓದಲು ಬಂದು, ಓದಿದ್ದು ನೆನಪಿಟ್ಟುಕೊಳ್ಳಬಲ್ಲವರ ಬಗ್ಗೆ ಮಾತಾಡಿದಿರಿ. ಉಳಿದವರಿಗೆ ಮ್ಯೂಸಿಯಂಗಳು ಏನು ಮಾಡ್ತಿವೆ ಅನ್ನೋದೂ ಈ ಪ್ರಶ್ನೆಗೆ ಬೆಳಕು ಕೊಡುತ್ತೆ.

ಮೋಮಾ 2006ರಲ್ಲಿ ಮರೆಗುಳಿ ಕಾಯಿಲೆ ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಂದು ಕಾರ್ಯಕ್ರಮ ಶುರುಮಾಡಿತು. ಜನಜಂಗುಳಿ ಇಲ್ಲದ ಹೊತ್ತಿನಲ್ಲಿ ಚಿಕ್ಕ ಗುಂಪು, ಕೆಲವೇ ಕೃತಿ, ಪ್ರತಿಯೊಂದರ ಮುಂದೆ ಕುರ್ಚಿ ಹಾಕಿ ಸಾವಕಾಶವಾಗಿ ಮಾತು. ಇಂಥ ಕಡೆ "ಇದನ್ನು ಯಾರು ಮಾಡಿದ್ದು ಗೊತ್ತಾ" ಅಂತ ಕೇಳಿದರೆ ಎಲ್ಲ ಕೆಟ್ಟಿತು. ನೆನಪಿನ ಮೇಲೆ ನಿಂತ ಪ್ರಶ್ನೆ ಅವರನ್ನು ಸೋಲಿಸುತ್ತೆ. ಎದುರಿಗಿರೋದನ್ನು ನೋಡಿ ಹೇಳಬಹುದಾದ ಪ್ರಶ್ನೆ ಕೇಳಬೇಕು. ಈ ಹೆಂಗಸು ಎಲ್ಲಿ ನೋಡ್ತಿದ್ದಾಳೆ, ಈ ಬಣ್ಣ ಬಿಸಿಯೋ ತಂಪೋ. ನೋಡಿಕೊಳ್ಳುವವರಿಗೂ ಅದು ದೊಡ್ಡದು. ದಿನವಿಡೀ ಮಾತ್ರೆ, ಊಟ, ಸ್ನಾನ ಅಂತ ಇರುವವರು ಅಪ್ಪನದೋ ಅಮ್ಮನದೋ ಒಂದು ಅಭಿಪ್ರಾಯವನ್ನು ಕೇಳಿಸಿಕೊಳ್ತಾರೆ.

ಇಟಲಿಯ ಆಂಕೋನಾದಲ್ಲಿ ಮ್ಯೂಸಿಯೊ ಒಮೇರೊ ಇದೆ. ಕಣ್ಣು ಕಾಣದ ದಂಪತಿ ಆಲ್ಡೊ ಗ್ರಾಸಿನಿ ಮತ್ತು ಡಾನಿಯೇಲಾ ಬೊಟ್ಟೆಗೋನಿ ಅವರ ಹಟದಿಂದ 1993ರಲ್ಲಿ ಆದದ್ದು. ಊರೂರು ಸುತ್ತಿ ಎಲ್ಲ ಕಡೆ "ಮುಟ್ಟಬೇಡಿ" ಅನ್ನಿಸಿಕೊಂಡವರು ಮುಟ್ಟುವುದಕ್ಕೇ ಒಂದು ಮ್ಯೂಸಿಯಂ ಮಾಡಿಸಿದರು. ಪ್ರಾಚೀನ ಶಿಲ್ಪಗಳ ಪ್ರತಿಕೃತಿಗಳ ಜೊತೆ ಸಮಕಾಲೀನ ಕಲಾವಿದರ ಮೂಲ ಶಿಲ್ಪಗಳೂ ಇವೆ. ಕಣ್ಣಿರುವವರೂ ಮುಟ್ಟಬಹುದು.

ಮಾಂಟ್ರಿಯಲ್‌ನ ಫೈನ್ ಆರ್ಟ್ಸ್ ಮ್ಯೂಸಿಯಂ 2018ರಲ್ಲಿ ವೈದ್ಯರ ಸಂಘವೊಂದರ ಜೊತೆ ಸೇರಿ, ವೈದ್ಯರೇ ರೋಗಿಗಳಿಗೆ ಮ್ಯೂಸಿಯಂ ಭೇಟಿಯನ್ನು ಚೀಟಿಯಲ್ಲಿ ಬರೆದುಕೊಡುವ ಯೋಜನೆ ತಂದಿತು. ಚೀಟಿ ಇದ್ದರೆ ಟಿಕೆಟ್ ಬೇಕಿರಲಿಲ್ಲ.

ಮೊದಲ ಎರಡು ಕಡೆಯೂ ಲೇಬಲ್ ಹಿಂದಕ್ಕೆ ಸರಿದು ಕೃತಿ ಮುಂದೆ ಬಂದಿದೆ. ಓದಲಾರದವರಿಗಾಗಿ ಅಂತ ಮಾಡಿದ್ದು ಎಲ್ಲರಿಗೂ ಒಳ್ಳೆಯದೇ ಆಗಿದೆ ಅಂತ ನನಗನ್ನಿಸುತ್ತೆ.


ಎಲೆಮರೆ

ಮರೆಗುಳಿ ಕಾರ್ಯಕ್ರಮದ ವಿಷಯ ಹಂಚಿದ್ದಕ್ಕೆ ಥ್ಯಾಂಕ್ಸ್. ನನಗೆ ಬೇಕಾಗಿತ್ತು.


ಮರದಬಾಗಿಲು

ಲೇಬಲ್ಲನ್ನು ಪೂರ್ತಿ ಕಿತ್ತೆಸೆದವರು ಕಲಾವಿದ ಟೀನೊ ಸೇಗಾಲ್. ಫೋಟೋ ತೆಗೆಯುವಂತಿಲ್ಲ, ಕೃತಿಯ ಮಾರಾಟವೂ ಬಾಯಿಮಾತಿನಲ್ಲಿ, ಕಾಗದಪತ್ರ ಇಲ್ಲ. 2005ರ ವೆನಿಸ್ ಬಿನಾಲೆಯ ಜರ್ಮನ್ ಪೆವಿಲಿಯನ್‌ನಲ್ಲಿ ಕಾವಲುಗಾರರ ವೇಷದಲ್ಲಿದ್ದವರು ಬಂದವರ ಸುತ್ತ ಕುಣಿದು ಹಾಡ್ತಿದ್ದರು, ಕೊನೆಗೆ ಕೃತಿಯ ಹೆಸರನ್ನು ತಾವೇ ಬಾಯಿಂದ ಹೇಳ್ತಿದ್ದರು. ಲೇಬಲ್ ಅಂದರೆ ಒಂದು ದನಿ ಅಷ್ಟೇ.


ಬೆಳಗಿನಜಾವ

ಹೊತ್ತಿನ ವಿಷಯಕ್ಕೆ ಒಂದು ಮಾತು. ಜನ 27 ಸೆಕೆಂಡು ನೋಡ್ತಾರೆ ಅಂತ ಜನರನ್ನೇ ಬೈಯೋದು ಸುಲಭ. 2017ರಲ್ಲಿ ವಾಷಿಂಗ್ಟನ್‌ನ ಹಿರ್ಶ್‌ಹಾರ್ನ್‌ನಲ್ಲಿ ಯಾಯೋಯಿ ಕುಸಾಮಾ ಅವರ ಕನ್ನಡಿ ಕೋಣೆಗಳ ಪ್ರದರ್ಶನ ಆದಾಗ ಒಂದು ಕೋಣೆಯೊಳಗೆ ಬಿಡ್ತಿದ್ದದ್ದೇ 20–30 ಸೆಕೆಂಡು. ಬಾಗಿಲು ಮುಚ್ಚುತ್ತೆ, ತೆರೆಯುತ್ತೆ, ಹೊರಗೆ ಬನ್ನಿ. ಸರತಿಯಲ್ಲಿ ಗಂಟೆಗಟ್ಟಲೆ ನಿಂತವರು ಆ ಅಷ್ಟು ಸೆಕೆಂಡಿನಲ್ಲಿ ಫೋನ್ ತೆಗೆಯದೆ ಇನ್ನೇನು ಮಾಡ್ತಾರೆ? ಅನಂತವನ್ನು ತೋರಿಸುವ ಕೃತಿಯನ್ನು ಅಷ್ಟು ಹೊತ್ತಿಗೆ ಕತ್ತರಿಸಿದ್ದು ನೋಡುಗರಲ್ಲ. ಟಿಕೆಟ್ ಕಡಿಮೆ ಮಾರಿ ಹೊತ್ತು ಜಾಸ್ತಿ ಕೊಡಿ ಅಂತ ನಾವು ಕೇಳಬೇಕು.

ಸ್ಲೋ ಆರ್ಟ್ ಡೇ ಅಂತ ಪ್ರತಿ ವರ್ಷ ವಸಂತದಲ್ಲಿ ಒಂದು ದಿನ ಹಲವು ದೇಶಗಳ ಮ್ಯೂಸಿಯಂಗಳಲ್ಲಿ ಮಾಡ್ತಾರೆ. ಬೆರಳೆಣಿಕೆಯ ಕೃತಿಗಳನ್ನು ಆರಿಸಿ, ಒಂದೊಂದನ್ನೂ ಐದು-ಹತ್ತು ನಿಮಿಷ ನೋಡಿ, ಆಮೇಲೆ ಒಟ್ಟಿಗೆ ಕೂತು ಮಾತಾಡೋದು. ದುಡ್ಡೂ ಬೇಡ, ದೊಡ್ಡ ಹೆಸರೂ ಬೇಡ. ಮ್ಯೂಸಿಯಂನವರು ಮಾಡದಿದ್ದರೂ ನಾಲ್ಕು ಜನ ಸೇರಿ ಮಾಡಿಕೊಳ್ಳಬಹುದು.


ಇರುವೆಸಾಲು

ಲೇಬಲ್ ಬೇಡ ಅನ್ನೋ ನನ್ನ ಸಿಟ್ಟಿಗೆ ನಿಜವಾದ ಕಾರಣ ಭಾಷೆ. "ಈ ಕೃತಿಯು ಅಸ್ಮಿತೆ ಮತ್ತು ಅವಕಾಶಗಳ ನಡುವಿನ ಬಿರುಕನ್ನು ಮುನ್ನೆಲೆಗೆ ತರುತ್ತಾ ನೋಡುಗರ ನಿಶ್ಚಿತತೆಗಳನ್ನು ಪ್ರಶ್ನಿಸುತ್ತದೆ." ಇದನ್ನು ಜಗತ್ತಿನ ಯಾವ ಕೃತಿಯ ಪಕ್ಕ ಬೇಕಾದರೂ ಅಂಟಿಸಬಹುದು. 2012ರಲ್ಲಿ ಇಬ್ಬರು ಬರಹಗಾರರು ಇ-ಫ್ಲಕ್ಸ್ ಜಾಲತಾಣ ಕಳಿಸಿದ ಪ್ರದರ್ಶನ ಪ್ರಕಟಣೆಗಳನ್ನೆಲ್ಲ ಒಟ್ಟುಹಾಕಿ ಭಾಷಾ ವಿಶ್ಲೇಷಣೆಯ ತಂತ್ರಾಂಶದಲ್ಲಿ ಹಾಯಿಸಿ, ಕಲಾಲೋಕದ ಇಂಗ್ಲಿಷು ಹೇಗೆ ತನ್ನದೇ ಒಂದು ಬೇರೆ ಭಾಷೆಯಾಗಿದೆ ಅಂತ ತೋರಿಸಿದರು. ಆ ಭಾಷೆ ಬರದವರು ತಾವೇ ದಡ್ಡರು ಅಂದುಕೊಂಡು ಮನೆಗೆ ಹೋಗ್ತಾರೆ. ಇದು ದೊಡ್ಡ ಅನ್ಯಾಯ.


ನೀಲಿಶಾಯಿ

ಹಾಗಾದರೆ ನಾವೇ ಬರೆದು ನೋಡೋಣ. ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನವರಿಗೆ ಕೊಡುವ ಮಾರ್ಗಸೂಚಿಯಲ್ಲಿ ಒಂದು ವಸ್ತುವಿನ ಲೇಬಲ್ಲಿಗೆ ಸುಮಾರು 60 ಪದ. ಅದೇ ಮಿತಿ ಇಟ್ಟುಕೊಳ್ಳೋಣ. ಅಸ್ಮಿತೆ, ಮುನ್ನೆಲೆ, ಪ್ರಶ್ನಿಸುತ್ತದೆ, ಈ ಮೂರು ನಿಷೇಧ. ಕೃತಿ: ಚೀನಾದ ಕಲಾವಿದ ಐ ವೇವೇ ಅವರ ಸೂರ್ಯಕಾಂತಿ ಬೀಜಗಳು, ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನ ಟರ್ಬೈನ್ ಹಾಲ್, 2010.


ಕಡಲಕಾಗೆ

ನನ್ನದು:

"ನೆಲದ ಮೇಲೆ ಹರಡಿರುವುದು ಸುಮಾರು ಹತ್ತು ಕೋಟಿ ಸೂರ್ಯಕಾಂತಿ ಬೀಜಗಳು. ಒಂದೂ ನಿಜವಾದ ಬೀಜವಲ್ಲ. ಚೀನಾದ ಜಿಂಗ್‌ಡೆಜೆನ್ ಪಟ್ಟಣದಲ್ಲಿ ಸುಮಾರು 1,600 ಮಂದಿ ಪಿಂಗಾಣಿಯಲ್ಲಿ ಮಾಡಿ, ಸುಟ್ಟು, ಒಂದೊಂದಕ್ಕೂ ಕೈಯಿಂದ ಗೆರೆ ಎಳೆದಿದ್ದಾರೆ. ಮಾವೋ ಕಾಲದ ಭಿತ್ತಿಚಿತ್ರಗಳಲ್ಲಿ ಮಾವೋ ಸೂರ್ಯ, ಜನ ಅವನತ್ತ ತಿರುಗಿದ ಸೂರ್ಯಕಾಂತಿಗಳು. ಈ ರಾಶಿ ಕಲಾವಿದನ ಪೀಳಿಗೆಯ ಸಾಮೂಹಿಕ ದನಿಯ ಸಂಕೇತ."


ತಿಳಿನೀರು

ಚೆನ್ನಾಗಿದೆ. ಕೊನೆಯ ವಾಕ್ಯ ತೆಗೆಯಿರಿ, ಅದು ನೋಡುಗರ ಕೆಲಸ. ಸೂರ್ಯನ ವಿಷಯ ಹೇಳಿದ ಮೇಲೆ ಉಳಿದದ್ದು ಅವರೇ ಜೋಡಿಸಿಕೊಳ್ತಾರೆ. ಆ ಜಾಗದಲ್ಲಿ ಧೂಳಿನ ಮಾತು ಬರಲಿ. ಮೊದಲು ಜನರನ್ನು ಬೀಜಗಳ ಮೇಲೆ ನಡೆಯೋಕೆ ಬಿಟ್ಟಿದ್ದರು, ಕೆಲವೇ ದಿನಗಳಲ್ಲಿ ನಿಲ್ಲಿಸಿದರು. ಅದನ್ನು ಮುಚ್ಚಿಟ್ಟರೆ ಹಗ್ಗದ ಆಚೆ ನಿಂತವರಿಗೆ ಕೃತಿ ಹೀಗೇ ದೂರದಿಂದ ನೋಡಬೇಕಾದ್ದು ಅನ್ನಿಸುತ್ತೆ.


ಇರುವೆಸಾಲು

ಮೊದಲ ಎರಡು ವಾಕ್ಯ ನನಗೆ ಹಿಡಿಸಿದವು. ಅವನ್ನು ಓದಿದವರು ಬಗ್ಗಿ ನೋಡದೆ ಇರಲಾರರು. ಇಂಥ ಲೇಬಲ್ ಆದರೆ ಮೊದಲು ಓದೋಕೂ ನನ್ನ ತಕರಾರಿಲ್ಲ.


ಹಗಲುದೀಪ

ಕೇಳಿಸಿಕೊಳ್ಳುವವರಿಗಾಗಿ ಒಂದು ಮಾತು ಸೇರಿಸಿ: ತುಳಿದಾಗ ಅದು ಜಲ್ಲಿಯ ಹಾಗೆ ಸದ್ದು ಮಾಡುತ್ತಿತ್ತು ಅಂತ. ಕಣ್ಣು ಕಾಣದವರಿಗೆ ಅಲ್ಲಿ ಉಳಿದಿದ್ದು ಆ ಸದ್ದೊಂದೇ, ನಡೆಯೋದು ನಿಂತ ಮೇಲೆ ಅದೂ ಹೋಯಿತು.


ಕಡಲಕಾಗೆ

ತಿದ್ದಿದ್ದು:

"ನೆಲದ ಮೇಲೆ ಹರಡಿರುವುದು ಸುಮಾರು ಹತ್ತು ಕೋಟಿ ಸೂರ್ಯಕಾಂತಿ ಬೀಜಗಳು. ಒಂದೂ ನಿಜವಾದ ಬೀಜವಲ್ಲ. ಚೀನಾದ ಜಿಂಗ್‌ಡೆಜೆನ್‌ನಲ್ಲಿ ಸುಮಾರು 1,600 ಮಂದಿ ಪಿಂಗಾಣಿಯಲ್ಲಿ ಮಾಡಿ, ಸುಟ್ಟು, ಒಂದೊಂದಕ್ಕೂ ಕೈಯಿಂದ ಗೆರೆ ಎಳೆದಿದ್ದಾರೆ. ಮಾವೋ ಕಾಲದ ಭಿತ್ತಿಚಿತ್ರಗಳಲ್ಲಿ ಮಾವೋ ಸೂರ್ಯ, ಜನ ಅವನತ್ತ ತಿರುಗಿದ ಸೂರ್ಯಕಾಂತಿಗಳು. ಮೊದಲ ದಿನಗಳಲ್ಲಿ ಬಂದವರು ಇದರ ಮೇಲೆ ನಡೆದರು. ಕಾಲಡಿ ಜಲ್ಲಿಯಂತೆ ಸದ್ದಾಯಿತು. ಪಿಂಗಾಣಿ ಧೂಳು ಉಸಿರಿಗೆ ಅಪಾಯವೆಂದು ಈಗ ಬಿಡುತ್ತಿಲ್ಲ."


ತಿಳಿನೀರು

ಇದು ನಿಲ್ಲುತ್ತೆ. ಮುಂದಿನದು ಅದೇ ಹಾಲ್‌ನಲ್ಲಿ 2007ರಲ್ಲಿ ಕಲಾವಿದೆ ಡೋರಿಸ್ ಸಾಲ್ಸೆಡೊ ನೆಲಕ್ಕೆ ಹಾಕಿದ 167 ಮೀಟರ್ ಬಿರುಕು. ಪ್ರದರ್ಶನ ಮುಗಿದ ಮೇಲೆ ತುಂಬಿದರು, ಆದರೆ ಗುರುತು ನೆಲದಲ್ಲಿ ಹಾಗೇ ಉಳಿದಿದೆ. ಎಲೆಮರೆ, ಇದನ್ನು ನೀವು ಬರೀರಿ. 60 ಪದ.


ಎಲೆಮರೆ

ಪ್ರಯತ್ನ ಮಾಡ್ತೀನಿ. ಬಿರುಕು ಇದ್ದಾಗಿನದಕ್ಕೆ ಬರೀಬೇಕಾ, ತುಂಬಿದ ಮೇಲಿನ ಗುರುತಿಗೆ ಬರೀಬೇಕಾ?


ತಿಳಿನೀರು

ಗುರುತಿಗೆ.